ಇಪ್ಪತ್ತನಾಲ್ಕು ಬಿಲ್ಲೆ

ಆ ಲ್ಯಾಬಿನ ಇಪ್ಪತ್ತನಾಲ್ಕು ಕಂಪ್ಯೂಟರುಗಳ ಹೊಟ್ಟೆಯನ್ನೂ ಅವಳು ಬಿಚ್ಚಿದ್ದಳು. ಒಂದರ ಮುಂದೆಯೂ ಕೂತಿರಲಿಲ್ಲ.

ಹೇಳಿದರೆ ನಂಬುವವರು ಕಡಿಮೆ. ಎರಡು ವರ್ಷದಿಂದ ಕಾಲೇಜಿಗೆ ಬರುತ್ತಿದ್ದಾಳೆ, ಕಂಪ್ಯೂಟರ್ ವಿಜ್ಞಾನವನ್ನೇ ಹಟ ಹಿಡಿದು ಆರಿಸಿಕೊಂಡಿದ್ದಾಳೆ, ಲ್ಯಾಬಿಗೆ ಒಂದು ದಿನವೂ ಚಕ್ಕರ್ ಹೊಡೆದವಳಲ್ಲ. ಆದರೂ ಕೂತಿಲ್ಲ ಅಂದರೆ ಹೇಗೆ? ಹೇಗೆ ಅಂದರೆ ಹೀಗೆ. ತರಗತಿಯಲ್ಲಿ ನಲವತ್ತೊಂಬತ್ತು ಮಂದಿ. ಒಂದು ಮಷೀನಿಗೆ ಇಬ್ಬರಂತೆ ನಲವತ್ತೆಂಟು ಮಂದಿ ಕೂತರು. ಉಳಿದವಳು ಇವಳು. ಒಂದು ಕಡೆ ಮೂವರು ಕೂರಬಹುದಿತ್ತಲ್ಲ, ಸರದಿ ಬದಲಿಸಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ಬದಲಿಸಬಹುದಿತ್ತು. ಆದರೆ ಇವಳ ತಲೆಗೂದಲಿನಲ್ಲಿ ಸುಟ್ಟ ವೈರಿನ ವಾಸನೆ. ಎಷ್ಟು ಸೋಪು ಹಾಕಿ ತಿಕ್ಕಿದರೂ ಹೋಗುವಂಥದ್ದಲ್ಲ. ಯಾರೂ ಪಕ್ಕಕ್ಕೆ ಸರಿಯಲಿಲ್ಲ. ಸರಿದು ಕೂತ್ಕೊಳ್ಳಿ ಎಂದು ಲ್ಯಾಬ್ ಮೇಷ್ಟ್ರೂ ಹೇಳಲಿಲ್ಲ.

“ನೀನು ಆಮೇಲೆ ಕೂತ್ಕೊ, ಆಯ್ತೇನಮ್ಮ?” ಎಂದಿದ್ದರು ಮೊದಲ ದಿನ.

ಮೃದುವಾದ ಮನುಷ್ಯ. ಬೈಯುವವರಲ್ಲ. ಬೈದಿದ್ದರೆ ಮನಸ್ಸಿನಲ್ಲಾದರೂ ತಿರುಗಿ ಬೈಯಬಹುದಿತ್ತು. ಈ ಮೆತ್ತಗಿನ ದನಿಯನ್ನು ಏನು ಮಾಡುವುದು? ಅವಳು ಹಿಂದಿನ ಗೋಡೆಗೆ ಒರಗಿ ನಿಂತು ಆಮೇಲೆಗೆ ಕಾದಳು. ಎರಡು ವರ್ಷ ಕಾದಳು.

ಕಾಲೇಜಿನಲ್ಲಿ ಅವಳಿಗೆ ಗುಜರಿ ಎಂಬ ಹೆಸರು ಬಿತ್ತು. ಮನೆಯ ಕಡೆ ಎಲ್ಲರೂ ಕರೆಯುವುದು ಸ್ಕ್ರೂ ಎಂದು. ಆರು ವರ್ಷದ ಹುಡುಗಿಯಾಗಿದ್ದಾಗ ಅವಳಿಗೆ ಕೊಟ್ಟ ಮೊದಲ ಕೆಲಸ ಸ್ಕ್ರೂ ಆರಿಸುವುದು. ಅದೇ ಹೆಸರಾಗಿ ಉಳಿಯಿತು.

ಅವರ ಮನೆ ಗುಜರಿ ಯಾರ್ಡಿನ ಒಳಗೇ ಇತ್ತು. ಸತ್ತ ಕಂಪ್ಯೂಟರುಗಳು ಬಂದು ಬೀಳುವ ಯಾರ್ಡು ಅದು. ತಗಡಿನ ಮಾಡು, ಮೂರು ಕಡೆ ಗೋಡೆ, ನಾಲ್ಕನೆಯ ಕಡೆ ಲಾರಿ ಬರುವ ಜಾಗ. ಅಮ್ಮ ಸುತ್ತಿಗೆಯಿಂದ ಪೆಟ್ಟಿಗೆ ಒಡೆಯುತ್ತಿದ್ದಳು. ಚಿಕ್ಕಮ್ಮ ಒಳಗಿನ ಹಸಿರು ಬೋರ್ಡನ್ನು ಕಬ್ಬಿಣದ ಹಂಚಿನ ಮೇಲಿಟ್ಟು ಕಾಯಿಸುತ್ತಿದ್ದಳು. ಸೀಸ ಕರಗಿ ನೀರಾದ ಮೇಲೆ ಬೋರ್ಡನ್ನು ನೆಲಕ್ಕೆ ಕುಟ್ಟಿದರೆ ಚಿಪ್ಪುಗಳೆಲ್ಲ ಉದುರುತ್ತಿದ್ದವು. ಉದುರಿದ್ದನ್ನು ಅಂಚಿನ ತಂತಿಕಾಲು ಎಣಿಸಿ ಬೇರೆ ಮಾಡುವುದು ಹುಡುಗಿಯ ಪಾಲಿಗೆ. ಎಂಟು ಕಾಲಿನವು ಒಂದು ಡಬ್ಬಿಗೆ, ಹದಿನಾಲ್ಕರವು ಇನ್ನೊಂದಕ್ಕೆ, ಹದಿನಾರರವು ಮತ್ತೊಂದಕ್ಕೆ. ಸಂಜೆಗೆ ಬೆರಳ ತುದಿ ಸುಟ್ಟು ಬೆಳ್ಳಗಾಗುತ್ತಿತ್ತು. ಹೊಗೆಗೆ ಮೂವರೂ ಕೆಮ್ಮುತ್ತಿದ್ದರು.

ಒಂದು ದಿನ ಅವಳು ಒಂದು ಚಿಪ್ಪನ್ನು ಅಂಗೈಯಲ್ಲಿಟ್ಟುಕೊಂಡು ಕೇಳಿದಳು. “ಅಮ್ಮ, ಇದು ಬದುಕಿದ್ದಾಗ ಏನ್ ಮಾಡ್ತಿತ್ತು?”

“ಯಾರಿಗ್ ಗೊತ್ತು. ದುಡೀತಿತ್ತು. ಅದಕ್ಕೇ ಸತ್ತೋಗಿದೆ.”

ಅಮ್ಮ ತಮಾಷೆಗೆ ಹೇಳಿದಳೋ ನಿಜಕ್ಕೂ ಹೇಳಿದಳೋ. ಹುಡುಗಿಗೆ ಮಾತ್ರ ಆ ಪ್ರಶ್ನೆ ತಲೆಹುಳುವಾಯಿತು.

ಯಾರ್ಡಿನಲ್ಲಿ ಒಂದೇ ಒಂದು ಕಟ್ಟುನಿಟ್ಟಿನ ನಿಯಮವಿತ್ತು. ಪೆಟ್ಟಿಗೆ ಬಿಚ್ಚಿದ ಕೂಡಲೇ ಮೊದಲು ಬಿಲ್ಲೆ ತೆಗೆಯಬೇಕು. ಬಿಲ್ಲೆ ಎಂದರೆ ಬೋರ್ಡಿನ ಮೂಲೆಯಲ್ಲಿ ಬೆಳ್ಳಗೆ ದುಂಡಗೆ ಕೂತಿರುವ ಪುಟ್ಟ ಸೆಲ್ಲು. ಅದನ್ನು ಮರೆತು ಬೋರ್ಡನ್ನು ಹಂಚಿಗೆ ಹಾಕಿದರೆ ಸಿಡಿಯುತ್ತದೆ. ಚಿಕ್ಕಮ್ಮ ಒಮ್ಮೆ ಮರೆತಿದ್ದಳು. ಅವಳ ಎಡಗಣ್ಣು ಅವತ್ತೇ ಹೋಯಿತು. ಅಂದಿನಿಂದ ಅಮ್ಮ ನಿದ್ದೆಗಣ್ಣಿನಲ್ಲೂ ಬಿಲ್ಲೆ ತೆಗೆಯಬಲ್ಲಳು. ಮಗಳಿಗೂ ಹೊಡೆದು ಬಡಿದು ಕಲಿಸಿದಳು. ಉಗುರು ಕೊಟ್ಟು ಟಕ್ ಎನಿಸಬೇಕು, ತಗಡಿನ ಡಬ್ಬಿಗೆ ಹಾಕಬೇಕು, ಡಬ್ಬಿಯನ್ನು ಬೆಂಕಿಯಿಂದ ದೂರ, ಕಿಟಕಿಯ ಬಳಿ ಇಡಬೇಕು. ಕೈ ಇದನ್ನೆಲ್ಲ ತಲೆಯನ್ನು ಕೇಳದೆಯೇ ಮಾಡುವಷ್ಟು ರೂಢಿಯಾಯಿತು.

ಹನ್ನೆರಡನೆಯ ವಯಸ್ಸಿಗೆ ಅವಳು ಒಂದು ಕಂಪ್ಯೂಟರನ್ನು ಬದುಕಿಸಿದಳು. ಬೋರ್ಡು ಒಂದರದು, ಮೆಮೊರಿ ಇನ್ನೊಂದರದು, ಫ್ಯಾನು ಇನ್ಯಾವುದರದೋ. ಮೂಲೆ ಸೀಳಿದ ಒಂದು ಪರದೆ. ಒಂದು ಮಟಮಟ ಮಧ್ಯಾಹ್ನ ಅದು ಗುಂಯ್ ಎಂದು ಎದ್ದಿತು. ಕಪ್ಪು ಪರದೆಯ ಮೇಲೆ ಒಂದು ಬಿಳಿ ಗೆರೆ ಬಂದು ಮಿಟುಕತೊಡಗಿತು. ಇಷ್ಟು ವರ್ಷ ಕಾಲು ಎಣಿಸಿದ ಚಿಪ್ಪುಗಳೆಲ್ಲ ಸೇರಿ, ಈಗ ನೀನು ಹೇಳಿದ್ದನ್ನು ಮಾಡುತ್ತೇವೆ ಎಂದು ಕಾಯುತ್ತಿದ್ದವು. ಅವಳಿಗೆ ಊಟ ಸೇರಲಿಲ್ಲ.

ಹೇಳುವುದು ಹೇಗೆಂದು ಕಲಿಯಲು ಒಂದು ಪುಸ್ತಕ ಸಿಕ್ಕಿತು. ಅದೂ ಲಾರಿಯಲ್ಲೇ ಬಂದಿದ್ದು. ರಟ್ಟಿಲ್ಲ, ಮೊದಲ ಮೂವತ್ತು ಪುಟಗಳಿಲ್ಲ. ಮೂವತ್ತೊಂದನೆಯ ಪುಟದಿಂದ ಅವಳ ವಿದ್ಯಾಭ್ಯಾಸ ಶುರುವಾಯಿತು. ನಾಲ್ಕು ತಿಂಗಳಲ್ಲಿ ಅವಳೇ ಒಂದು ಪ್ರೋಗ್ರಾಮ್ ಬರೆದಳು. ನೂರು ಚಿಪ್ಪುಗಳ ಹೆಸರು ಹಾಕಿದರೆ ಕಾಲಿನ ಲೆಕ್ಕದಲ್ಲಿ ಅವನ್ನು ಬೇರೆ ಮಾಡಿ ಪಟ್ಟಿ ಕೊಡುವಂಥದ್ದು. ಗುಂಡಿ ಒತ್ತಿದಳು. ರೆಪ್ಪೆ ಬಡಿಯುವುದರೊಳಗೆ ಪಟ್ಟಿ ಬಂತು. ಬೆನ್ನು ಬಾಗಿಸಿ ಇಡೀ ದಿನ ತಾನು ಮಾಡುವ ಕೆಲಸ. ಅವಳು ಅತ್ತಳು. ಸಂತೋಷಕ್ಕೋ ಸಿಟ್ಟಿಗೋ ಅವಳಿಗೇ ತಿಳಿಯಲಿಲ್ಲ.

ಮುಂದಿನ ವಾರ ಯಾರ್ಡಿನ ಯಜಮಾನ ಆ ಕಂಪ್ಯೂಟರನ್ನು ಎತ್ತಿ ಲಾರಿಗೆ ಹಾಕಿಸಿದ. “ಗುಜರಿ ಅಂದ್ಮೇಲೆ ಗುಜರಿ. ಆಟ ಆಡೋಕೆ ಇಟ್ಟಿದ್ದೀನಾ ಇಲ್ಲಿ?” ಎಂದ. ಅಮ್ಮ ಸುತ್ತಿಗೆ ಹಿಡಿದುಕೊಂಡು ನಿಂತಿದ್ದಳು. ಎದುರಾಡಿದರೆ, ಇರುವ ಮನೆಯೂ ಅವನದೇ.

ಅಂದಿನಿಂದ ಹುಡುಗಿ ನೋಟುಪುಸ್ತಕದಲ್ಲಿ ಪ್ರೋಗ್ರಾಮ್ ಬರೆದು ತಲೆಯಲ್ಲೇ ಓಡಿಸುವುದನ್ನು ಕಲಿತಳು. ಶಾಲೆಯಿಂದ ಬಂದು ಚಿಪ್ಪು ಆರಿಸುತ್ತಾ ಒಂದೊಂದೇ ಸಾಲು ಓಡಿಸುವಳು. ತಪ್ಪಿದರೆ ಮೊದಲಿನಿಂದ ಓಡಿಸುವಳು. ಹೀಗೆ ಐದು ವರ್ಷ. ಆಮೇಲೆ ಕಾಲೇಜು. ಸೇರಿಸಲು ಬಂದ ಅಮ್ಮನಿಗೆ ಹೆಬ್ಬೆಟ್ಟು ಒತ್ತಲು ಹೇಳಿದರು. ಬೋರ್ಡು ತೊಳೆಯುವ ಆಸಿಡ್ಡಿಗೆ ಅಮ್ಮನ ಬೆರಳಿನ ಗೆರೆಗಳೆಲ್ಲ ಸವೆದುಹೋಗಿದ್ದವು. ಕಾಗದದ ಮೇಲೆ ಬರೀ ಒಂದು ನೀಲಿ ಮಚ್ಚೆ ಬಿತ್ತು. “ಸರಿಯಾಗಿ ಒತ್ತಮ್ಮ,” ಎಂದು ಗುಮಾಸ್ತ ಮೂರು ಸಲ ಒತ್ತಿಸಿದ. ಮೂರು ಸಲವೂ ಮಚ್ಚೆಯೇ.

ಇಷ್ಟಾಗಿ ಒಳಗೆ ಬಂದರೆ, ಆಮೇಲೆ ಕೂತ್ಕೊ.

ನಿಂತೇ ಅವಳು ಎಲ್ಲರ ಪರದೆಗಳನ್ನು ಓದುತ್ತಿದ್ದಳು. ಕೂತವರಿಗೂ ಅದು ಗೊತ್ತಿತ್ತು.

“ಏ ಗುಜರಿ, ಇಲ್ ನೋಡೇ. ಯಾಕಿದು ನಿಲ್ತಾನೇ ಇಲ್ಲ?”

“ಏಳನೇ ಸಾಲು. ಎಣಿಕೆ ಒಂದು ಹೆಚ್ಚಿಸೋದು ಮರ್ತಿದ್ದೀಯ. ಅದಕ್ಕೇ ಸುತ್ತುತಾ ಇದೆ.” ಅವಳ ಕೈ ತಾನಾಗಿ ಮುಂದೆ ಹೋಗುತ್ತಿತ್ತು.

“ಕೀ ಮುಟ್ಬೇಡ. ಹೇಳು ಸಾಕು.”

ಹೇಳುತ್ತಿದ್ದಳು. ಅವರು ಒತ್ತುತ್ತಿದ್ದರು. ಸರಿಹೋಗುತ್ತಿತ್ತು. ಅಂಕ ಅವರಿಗೆ. ಇನ್ನು ಮೌಸು ಸಿಕ್ಕಿಹಾಕಿಕೊಂಡರೆ, ಕೇಬಲ್ಲು ಸಡಿಲಾದರೆ, ಮೇಜಿನ ಕೆಳಗೆ ತೂರಬೇಕಾದರೆ, ಆಗ ಮಾತ್ರ ಮೇಷ್ಟ್ರಿಗೆ ಅವಳ ನೆನಪು. “ನಿಮ್ಮವರಿಗೆ ಇದೆಲ್ಲ ಕೈಗೆ ಹತ್ತಿದ ಕೆಲಸ ಅಲ್ವೇನಮ್ಮ,” ಎನ್ನುತ್ತಿದ್ದರು, ಹೊಗಳುವವರ ಹಾಗೆ.

ಎರಡನೆಯ ವರ್ಷದ ಕೊನೆ ಬಂತು. ಲ್ಯಾಬ್ ಪರೀಕ್ಷೆಗೆ ಕೂರಬೇಕಾದರೆ ರೆಕಾರ್ಡ್ ಪುಸ್ತಕದಲ್ಲಿ ಮೂವತ್ತು ಗಂಟೆ ತುಂಬಿರಬೇಕು. ಮೂವತ್ತು ಸಾಲು. ತಾರೀಕು, ಗಂಟೆ, ಮೇಷ್ಟ್ರ ಸಹಿ. ಅವಳ ಪುಸ್ತಕ ಖಾಲಿ. ಪರೀಕ್ಷೆ ತಪ್ಪಿದರೆ ಮುಂದಿನ ಓದೂ ತಪ್ಪಿತು. ಯಾರ್ಡು ಎಲ್ಲೂ ಹೋಗುವುದಿಲ್ಲ, ಹಂಚು ಕಾಯುತ್ತಲೇ ಇರುತ್ತದೆ.

ಅದೇ ಹೊತ್ತಿಗೆ ಇಲಾಖೆಯಿಂದ ಲ್ಯಾಬ್ ತಪಾಸಣೆಯ ಸುದ್ದಿ ಬಂತು. ಮೇಷ್ಟ್ರು ಅವಳನ್ನು ಕರೆದರು.

“ನೋಡಮ್ಮ, ಸೋಮವಾರ ಮೇಡಂ ಬರ್ತಾರೆ. ಮಷೀನುಗಳೊಳಗೆ ಧೂಳು ಕೂತಿದೆ, ಗೊರ ಗೊರ ಅಂತಾವೆ. ಭಾನುವಾರ ಬಂದು ಎಲ್ಲ ಬಿಚ್ಚಿ ಕ್ಲೀನ್ ಮಾಡ್ಬಿಡು. ನಿನ್ನ ಮೂವತ್ತು ಸಾಲಿಗೂ ಒಟ್ಟಿಗೆ ಸಹಿ ಹಾಕ್ಬಿಡ್ತೀನಿ.”

ಒಪ್ಪಿಕೊಂಡಳು. ಯಾಕೆ ಒಪ್ಪಿದೆ ಎಂದು ಅವಳನ್ನು ಕೇಳುವ ಹಕ್ಕು ನನಗಂತೂ ಇಲ್ಲ.

ಇಪ್ಪತ್ತನಾಲ್ಕನ್ನು ಒಬ್ಬಳೇ ಮುಗಿಸಲು ಆಗದು ಎಂದು ಅಮ್ಮನೂ ಜೊತೆಗೆ ಬಂದಳು. ಕಾವಲುಗಾರ ಇಬ್ಬರನ್ನೂ ಹಿಂದಿನ ಗೇಟಿನಿಂದ ಬಿಟ್ಟ. ಅಮ್ಮ ಲ್ಯಾಬಿನ ಬಾಗಿಲಲ್ಲೇ ನಿಂತುಬಿಟ್ಟಳು. ಸಾಲು ಮೇಜುಗಳು, ಸಾಲು ಪರದೆಗಳು.

“ಇವೆಲ್ಲ ಜೀವ ಇರೋವಾ?”

“ಹೂಂ.”

“ಇಷ್ಟೊಂದು ಒಟ್ಟಿಗೆ ನೋಡೇ ಇರ್ಲಿಲ್ಲ ಕಣೇ.” ಅಮ್ಮ ಒಂದು ಪೆಟ್ಟಿಗೆಯ ಮೇಲೆ ಅಂಗೈ ಇಟ್ಟಳು. “ನೀನ್ ಕೂರೋದು ಯಾವುದ್ರಲ್ಲಿ?”

ಮಗಳು ಸ್ಕ್ರೂಡ್ರೈವರ್ ಹುಡುಕುವವಳಂತೆ ಚೀಲದೊಳಗೆ ಕೈ ಹಾಕಿದಳು. “ಆ ಕಿಟಕಿ ಹತ್ರದ್ದು,” ಎಂದಳು. ಎರಡು ವರ್ಷದಿಂದ ಮನೆಯಲ್ಲಿ ಹೇಳಿಕೊಂಡು ಬಂದ ಸುಳ್ಳು. ಇನ್ನೊಂದು ದಿನ ಹೇಳಿದರೆ ಏನಾಗುತ್ತದೆ?

ನೆಲದ ಮೇಲೆ ಕುಕ್ಕರುಗಾಲಿನಲ್ಲಿ ಕೂತು ಇಬ್ಬರೂ ಶುರುಮಾಡಿದರು. ಬಿಚ್ಚುವುದು, ಬ್ರಷ್ಷಿನಿಂದ ಧೂಳು ಎಬ್ಬಿಸುವುದು, ಬಟ್ಟೆಯಿಂದ ಒರೆಸುವುದು, ಮುಚ್ಚುವುದು. ಮೂಗು ಕಟ್ಟಿತು. ಉಗುಳಿದರೆ ಕಪ್ಪು. ಹತ್ತನೆಯದಕ್ಕೆ ಅಮ್ಮನ ಸೊಂಟ ಹಿಡಿದುಕೊಂಡಿತು, ಹದಿನೈದನೆಯದಕ್ಕೆ ಮಗಳ ಮಂಡಿ. ಮೇನ್ ಸ್ವಿಚ್ಚಿಗೆ ಬೀಗ, ಬೀಗದ ಕೈ ಮೇಷ್ಟ್ರ ಜೇಬಿನಲ್ಲಿ. ಫ್ಯಾನಿಲ್ಲ, ದೀಪವಿಲ್ಲ, ಮಾಡಿದ್ದನ್ನು ಹಾಕಿ ನೋಡುವುದಕ್ಕೂ ಇಲ್ಲ. ಸಂಜೆ ಐದಕ್ಕೆ ಕೊನೆಯ ಸ್ಕ್ರೂ ತಿರುಗಿಸಿದರು. ಅಮ್ಮ ಒಂದು ಕೈ ಗೋಡೆಗೆ ಕೊಟ್ಟು ಎದ್ದಳು. ಇನ್ನೊಂದು ಕೈಯಲ್ಲಿದ್ದ ತಗಡಿನ ಡಬ್ಬಿಯನ್ನು ಕಿಟಕಿಯ ಮೇಲಿಟ್ಟಳು. ಡಬ್ಬಿ ಗಲಗಲ ಎಂದಿತು. ಯಾರ್ಡಿನಲ್ಲಿ ದಿನಾ ಸಂಜೆ ಕೇಳುವ ಸದ್ದು. ಇಬ್ಬರಲ್ಲಿ ಒಬ್ಬರೂ ಆ ಕಡೆ ಗಮನ ಕೊಡಲಿಲ್ಲ.

ಸೋಮವಾರ ಬೆಳಿಗ್ಗೆ ಮೇಷ್ಟ್ರು ಮೊದಲು ಸಹಿಯ ಕೆಲಸ ಮುಗಿಸಿದರು. ಮಾತಿಗೆ ತಪ್ಪುವ ಮನುಷ್ಯ ಅಲ್ಲ. ಅವಳು ಪುಸ್ತಕವನ್ನು ಗೋಡೆಗೆ ಒರಗಿಕೊಂಡು ಓದಿದಳು. ಮೂವತ್ತು ತಾರೀಕು, ಮೂವತ್ತು ಗಂಟೆ, ಮೂವತ್ತು ಸಹಿ. ಮೊದಲ ಸಾಲಿನ ದಿನ ಅವಳು ಸಭಾಂಗಣದ ಕುರ್ಚಿಗಳನ್ನು ಹೊತ್ತಿದ್ದಳು. ನಾಲ್ಕನೆಯ ಸಾಲಿನ ದಿನ ಲ್ಯಾಬಿನ ಫ್ಯಾನಿನ ರೆಕ್ಕೆ ಒರೆಸಿದ್ದಳು. ಹನ್ನೊಂದನೆಯದರಂದು ಮೇಜಿನ ಕೆಳಗೆ ತೂರಿ ತಲೆಗೆ ಪೆಟ್ಟು ತಿಂದಿದ್ದಳು. ಉಳಿದ ದಿನಗಳಲ್ಲಿ ನಿಂತಿದ್ದಳು. ಕಾಗದದ ಮೇಲೆ ಮಾತ್ರ ಮೂವತ್ತೂ ದಿನ ಕೂತಿದ್ದಳು.

ನಲವತ್ತೆಂಟು ಮಂದಿ ಇಸ್ತ್ರಿ ಬಟ್ಟೆಯಲ್ಲಿ ಬಂದು ಕೂತರು. ಮೇಷ್ಟ್ರು ಮೇನ್ ಹಾಕಿದರು. ಎಲ್ಲರೂ ಒಟ್ಟಿಗೆ ಗುಂಡಿ ಒತ್ತಿದರು.

ಇಪ್ಪತ್ತನಾಲ್ಕು ಪರದೆಗಳೂ ಕಪ್ಪಗಾದವು. ಬಿಳಿ ಅಕ್ಷರದಲ್ಲಿ ಒಂದೇ ದೂರು. ಗಡಿಯಾರ ಅಳಿಸಿಹೋಗಿದೆ. ತಾರೀಕು ಗೊತ್ತಿಲ್ಲ. ವೇಳೆ ಗೊತ್ತಿಲ್ಲ.

“ವೈರಸ್ಸಾ?” ಎಂದರು ಮೇಷ್ಟ್ರು. ಅವರ ಮುಖದಲ್ಲಿ ಬೆವರು ಕಿತ್ತುಕೊಂಡಿತು. “ಯಾರು ಏನ್ ಮಾಡಿದ್ರಿ?”

ಅವಳಿಗೆ ತಕ್ಷಣ ಹೊಳೆಯಿತು. ಕಿಟಕಿಯ ಕಡೆ ನೋಡಿದಳು. ಡಬ್ಬಿ ಅಲ್ಲೇ ಇತ್ತು.

“ಸರ್, ಬಿಲ್ಲೆ. ಅಂದ್ರೆ, ಸೆಲ್ಲು. ಅಭ್ಯಾಸಬಲದಲ್ಲಿ ತೆಗೆದ್ಬಿಟ್ಟಿದ್ದೀವಿ ಸರ್. ನಮ್ ಯಾರ್ಡಲ್ಲಿ ಮೊದ್ಲು ಅದನ್ನೇ ತೆಗೆಯೋದು. ವಿದ್ಯುತ್ತೂ ಇಲ್ಲ, ಸೆಲ್ಲೂ ಇಲ್ಲ ಅಂದ್ರೆ ಮಷೀನಿಗೆ ವೇಳೆ ನೆನಪಿರಲ್ಲ. ಹಾಕ್ಬಿಟ್ರೆ ಸರಿಹೋಗತ್ತೆ.”

ಯಾರೋ ಕಿಸಕ್ಕನೆ ನಕ್ಕರು. ಮೇಷ್ಟ್ರು ಡಬ್ಬಿಯ ಮುಚ್ಚಳ ತೆಗೆದು ನೋಡಿದರು. ಎರಡು ವರ್ಷ ಮೆತ್ತಗಿದ್ದ ದನಿ ಮೊದಲ ಸಲ ಏರಿತು.

“ತೆಗೆದು ಡಬ್ಬೀಲಿ ಜೋಪಾನವಾಗಿ ಇಟ್ಕೊಂಡಿದ್ದೀರ! ಇದಕ್ಕೇನಾ ನಿಮ್ಮಮ್ಮನ್ನ ಕರ್ಕೊಂಡ್ ಬಂದಿದ್ದು? ಹುಟ್ಟುಬುದ್ಧಿ ಎಲ್ಲಿ ಹೋಗತ್ತೆ. ಮಾರ್ಕೊಳ್ಳೋಕೆ ಇದೂ ಬೇಕಾಗಿತ್ತಾ?”

ಅಮ್ಮ ಸೊಂಟ ಹಿಡಿದುಕೊಂಡು ಗೋಡೆಗೆ ಕೈಕೊಟ್ಟು ಎದ್ದದ್ದು ಅವಳ ಕಣ್ಣಮುಂದೆ ಬಂತು. ಹೊರಗೆ ಜೀಪು ನಿಂತ ಸದ್ದಾಯಿತು. ಮೇಷ್ಟ್ರು ದನಿ ತಗ್ಗಿಸಿದರು.

“ಬೇಗ ಬೇಗ ಹಾಕು. ಹಾಕ್ಬಿಟ್ಟು ಹೊರಗೆ ಹೋಗ್ಬಿಡು, ಕೂತವರು ಕೂತ ಹಾಗೇ ಇರ್ಲಿ. ಮೇಡಂ ಕೇಳಿದ್ರೆ ಮೂವತ್ತು ಗಂಟೆ ಆಗಿದೆ ಅನ್ನು. ಪುಸ್ತಕದಲ್ಲಿ ಇದೆಯಲ್ಲ.”

ಅವಳು ಡಬ್ಬಿ ತೆಗೆದುಕೊಂಡಳು. ಕಿಟಕಿಯ ಹತ್ತಿರದ ಮಷೀನಿನ ಸ್ವಿಚ್ಚು ಆರಿಸಿ, ನೆಲಕ್ಕೆ ಕೂತು ಪೆಟ್ಟಿಗೆ ಬಿಚ್ಚಿದಳು. ನಿನ್ನೆಯ ಮಂಡಿ ಚುಳಕ್ ಎಂದಿತು. ಬಿಲ್ಲೆ ಕೂರಿಸಿ, ಮುಚ್ಚಿ, ಮತ್ತೆ ಗುಂಡಿ ಒತ್ತಿದಳು. ಎದ್ದಳು. ಇನ್ನು ಇಪ್ಪತ್ತಮೂರು. ಅಂದರೆ ಇನ್ನು ಇಪ್ಪತ್ತಮೂರು ಸಲ ಹೀಗೆ ಕೂತು, ಹೀಗೆ ಏಳಬೇಕು. ಆಮೇಲೆ ಹೊರಗೆ ಹೋಗಬೇಕು.

ಅವಳಿಗೆ ಸುಸ್ತಾಗಿತ್ತು. ಅಷ್ಟೇ. ಬಂಡಾಯ ಹೂಡುತ್ತೇನೆ ಎಂದು ಮನೆಯಿಂದ ಹೊರಟು ಬಂದವಳಲ್ಲ. ಎರಡು ವರ್ಷ ನಿಂತ ಕಾಲುಗಳು, ನಿನ್ನೆ ಇಡೀ ದಿನ ಮಡಚಿದ ಕಾಲುಗಳು. ಪೆಟ್ಟಿಗೆ ಬಿಚ್ಚಲು ಜಾಗ ಬೇಕೆಂದು ಅಲ್ಲಿ ಕೂತಿದ್ದ ಇಬ್ಬರು ಹುಡುಗಿಯರು ಎದ್ದು ನಿಂತಿದ್ದರು. ಎದುರಿಗೆ ಕುರ್ಚಿ ಖಾಲಿಯಿತ್ತು. ಅವಳು ಕೂತಳು.

“ಅದು ನಮ್ ಜಾಗ,” ಎಂದಳು ಒಬ್ಬಳು.

“ಏಳಮ್ಮ, ಬರ್ತಿದ್ದಾರೆ,” ಎಂದರು ಮೇಷ್ಟ್ರು.

“ಏಳಲ್ಲ ಸರ್.”

“ಏನಂದೆ?”

“ಏಳಲ್ಲ ಅಂದೆ.” ಅವಳು ಡಬ್ಬಿಯನ್ನು ಮೇಜಿನ ಮೇಲಿಟ್ಟಳು. “ಎಣಿಸ್ಕೊಳ್ಳಿ. ಇಪ್ಪತ್ತಮೂರಿದೆ. ಇನ್ನೊಂದು ಇದ್ರೊಳಗಿದೆ. ನಮ್ಮಮ್ಮ ಕಳ್ಳಿ ಅಲ್ಲ.”

ಅಷ್ಟರಲ್ಲಿ ತಪಾಸಣೆಯ ಮೇಡಂ ಒಳಗೆ ಬಂದರು. ಕನ್ನಡಕ, ಕೈಯಲ್ಲಿ ಫೈಲು. ಕಪ್ಪು ಪರದೆಗಳ ಕಡೆ ಒಮ್ಮೆ, ನಿಂತಿದ್ದ ಹುಡುಗಿಯರ ಕಡೆ ಒಮ್ಮೆ ನೋಡಿದರು. “ಏನಿದು? ಮಕ್ಕಳಿಗೆಲ್ಲ ಮೂವತ್ತು ಗಂಟೆ ಆಗಿದೆ ತಾನೆ?”

“ಆಗಿದೆ ಮೇಡಂ, ಎಲ್ರಿಗೂ ಆಗಿದೆ,” ಎಂದರು ಮೇಷ್ಟ್ರು.

“ನನಗೆ ಆಗಿಲ್ಲ,” ಎಂದಳು ಅವಳು. ಎದ್ದು ನಿಂತು ಹೇಳಬೇಕಿತ್ತು. ಕೂತೇ ಹೇಳಿದಳು. “ಎರಡು ವರ್ಷದಲ್ಲಿ ಒಂದು ಗಂಟೆನೂ ಕೂತಿಲ್ಲ. ಇಲ್ಲಿರೋ ಮಷೀನುಗಳನ್ನ ಎಲ್ಲ ನಿನ್ನೆ ನಾನು ನಮ್ಮಮ್ಮ ಬಿಚ್ಚಿ ಒರ್ಸಿದ್ದೀವಿ. ಈ ಪುಸ್ತಕದಲ್ಲಿರೋ ಮೂವತ್ತು ಸಹಿ ಅದಕ್ಕೆ ಹಾಕಿರೋದು.”

ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ಇನ್ನೂ ನಾಲ್ಕು ಕಾಲೇಜು ನೋಡಬೇಕಾದವರ ಆಯಾಸವಿತ್ತು. ಗಡಿಯಾರ ನೋಡಿಕೊಂಡರು.

“ಸರಿ. ಇದನ್ನೆಲ್ಲ ಆಮೇಲೆ ಮಾತಾಡೋಣಮ್ಮ. ಮೊದ್ಲು ಇವನ್ನ ಸರಿಮಾಡ್ಸಿ, ನಾನು ಅಷ್ಟರಲ್ಲಿ ಮೇಲಿನ ಲ್ಯಾಬ್ ನೋಡ್ಕೊಂಡ್ ಬರ್ತೀನಿ.”

“ಆಮೇಲೆ ಬೇಡ ಮೇಡಂ,” ಎಂದಳು ಅವಳು. ಮೇಡಂ ಬಾಗಿಲು ದಾಟಿಯಾಗಿತ್ತು. ಕೇಳಿಸಿತೋ ಇಲ್ಲವೋ.

ಮೇಷ್ಟ್ರು ಅವಳ ಕಿವಿಯ ಹತ್ತಿರ ಬಗ್ಗಿದರು. ದನಿ ಮತ್ತೆ ಮೆತ್ತಗಾಗಿತ್ತು. “ಈ ವರ್ಷದ ಪರೀಕ್ಷೆ ಮರೆತ್ಬಿಡು.”

“ಗೊತ್ತು ಸರ್.”

ನಿಜವಾಗಿಯೂ ಗೊತ್ತಿತ್ತು. ಹಂಚು, ಹೊಗೆ, ಹದಿನಾರು ಕಾಲಿನ ಚಿಪ್ಪು, ಇನ್ನೊಂದು ವರ್ಷ. ಅಮ್ಮನಿಗೆ ಹೇಗೆ ಹೇಳುವುದು? ಕೂರುವ ಜಾಗದ ಸುಳ್ಳನ್ನೂ ಹೇಳಬೇಕಾಗುತ್ತದೆ. ಆದರೂ ಏಳಲಿಲ್ಲ.

ಮೇಷ್ಟ್ರು ಡಬ್ಬಿ ಎತ್ತಿಕೊಂಡರು. ಹುಡುಗರ ಮುಖ ನೋಡಿದರು. ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪೆಟ್ಟಿಗೆಯೊಳಗೆ ಏನಿದೆಯೆಂದು ಕಂಡವರು ಅಲ್ಲಿ ಯಾರೂ ಇರಲಿಲ್ಲ. ಪುಸ್ತಕದಲ್ಲಿ ಚಿತ್ರವಿತ್ತು, ಪರೀಕ್ಷೆಗೆ ಬರೆಯುತ್ತಿದ್ದರು. ಕೊನೆಗೆ ಮೇಷ್ಟ್ರೇ ಪ್ಯಾಂಟು ಮೇಲಕ್ಕೆಳೆದುಕೊಂಡು, ಸ್ಕ್ರೂಡ್ರೈವರ್ ಹಿಡಿದು, ಪಕ್ಕದ ಮಷೀನಿನ ಮುಂದೆ ನೆಲಕ್ಕೆ ಕುಕ್ಕರಿಸಿದರು. ಮಂಡಿ ಅವರದೂ ಲಟಕ್ ಎಂದಿತು. ಒಂದು ಸ್ಕ್ರೂ ಉರುಳಿ ಎಲ್ಲೋ ಹೋಯಿತು. ಬೋರ್ಡಿನ ಮೇಲೆ ಬೆರಳಾಡಿಸುತ್ತಾ ಬಹಳ ಹೊತ್ತು ಹುಡುಕಿದರು.

“ಮೂಲೇಲಿ ದುಂಡಗಿದೆ ನೋಡಿ ಸರ್,” ಎಂದಳು ಅವಳು ಕುರ್ಚಿಯಿಂದಲೇ.

“ಹಾಂ. ಇದು, ಪ್ಲಸ್ಸು ಮೇಲಕ್ಕಾ?”

“ಮೇಲಕ್ಕೆ.”

ಅವಳು ಪರದೆಯ ಕಡೆ ತಿರುಗಿದಳು. ಕಪ್ಪು ಹಿನ್ನೆಲೆಯಲ್ಲಿ ಒಂದು ಬಿಳಿ ಗೆರೆ ಮಿಟುಕುತ್ತಾ ತಾರೀಕು ಕೇಳುತ್ತಿತ್ತು. ಬೆರಳುಗಳನ್ನು ಕೀಲಿಗಳ ಮೇಲಿಟ್ಟಳು. ಮುಟ್ಟಬೇಡ ಎನ್ನಲು ಯಾರೂ ಬಾಯಿ ತೆರೆಯಲಿಲ್ಲ. ಇವತ್ತಿನ ತಾರೀಕು ಒತ್ತಿದಳು. ಗೋಡೆಯ ಗಡಿಯಾರ ನೋಡಿ ವೇಳೆ ಒತ್ತಿದಳು, ಹತ್ತು ಗಂಟೆ ಇಪ್ಪತ್ತು ನಿಮಿಷ.

ರೆಕಾರ್ಡ್ ಪುಸ್ತಕ ತೆರೆದು, ಮೂವತ್ತು ಸಾಲುಗಳ ಮೇಲೂ ಮೂಲೆಯಿಂದ ಮೂಲೆಗೆ ಒಂದು ಗೆರೆ ಎಳೆದಳು. ಅದರ ಕೆಳಗಿನ ಖಾಲಿ ಸಾಲಿನಲ್ಲಿ ಇವತ್ತಿನ ತಾರೀಕನ್ನೂ ಅದರ ಮುಂದೆ ಒಂದು ಗಂಟೆ ಎಂದೂ ಬರೆದಳು. ಸಹಿಯ ಜಾಗ ಖಾಲಿ ಬಿಟ್ಟಳು.

ಹನ್ನೊಂದು ಇಪ್ಪತ್ತರವರೆಗೆ ಅವಳು ಆ ಕುರ್ಚಿಯಿಂದ ಏಳಲಿಲ್ಲ.